ಸೂಲಗಿತ್ತಿಯ ಬಳಗ

ಕನ್ನಡದಲ್ಲಿ 'ಗಿತ್ತಿ' ಎಂದು ಕೊನೆಗೊಳ್ಳುವ ಕೆಲವು ಮಾತುಗಳಿವೆ. ಓರಗಿತ್ತಿ ಎಂದರೆ ಒಂದೇ ಮನೆಗೆ ಸೊಸೆಯಾಗಿ ಬಂದವಳು. ನೆರೆಗಿತ್ತಿ ಎಂದರೆ ಪಕ್ಕದ ಮನೆಯವಳು. ಒಬ್ಬಳು ಬಂಧು, ಇನ್ನೊಬ್ಬಳು ನೆರೆ. ಇವರಿಬ್ಬರ ನಡುವೆ, ಎರಡೂ ಆಗಿ ನಿಂತವಳು ಸೂಲಗಿತ್ತಿ. ಸೂಲು ಎಂದರೆ ಹೆರಿಗೆ. ಕರೆ ಬಂದ ಮನೆಗೆ ಹೋಗಿ, ತಾಯಿಯಿಂದ ಮಗುವನ್ನು ಬೇರ್ಪಡಿಸಿ, ಇಬ್ಬರನ್ನೂ ಉಳಿಸಿಕೊಡುವುದು ಅವಳ ಕೆಲಸ. ನನ್ನ ತಂದೆಯ ತಾಯಿ ಅಂಥವಳೊಬ್ಬಳು. ಅವಳನ್ನು ನೆನೆಯುವಾಗಲೆಲ್ಲ ನಮ್ಮ ಸೀಮೆಯ ಇನ್ನೊಬ್ಬ ಅಜ್ಜಿಯೂ ನೆನಪಾಗುತ್ತಾರೆ. ಅವರ ಹೆಸರು ಶ್ರೋತೃಗಳಿಗೆ ಪರಿಚಿತವೇ: ಸೂಲಗಿತ್ತಿ ನರಸಮ್ಮನವರು.

ನಮ್ಮದು ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ. ಮಳೆ ಕಡಮೆಯಾದ ನೆಲ. ರಾಗಿ, ನೆಲಗಡಲೆಗಳ ಬೆಳೆ. ಕನ್ನಡದೊಡನೆ ತೆಲುಗೂ ಕಿವಿಗೆ ಬೀಳುವ ಸೀಮೆ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸುತ್ತಲ ಹಳ್ಳಿಗಳಲ್ಲಿ ಯಾವ ಬಸುರಿಗೆ ಎಷ್ಟನೆಯ ತಿಂಗಳು ಎಂಬ ಲೆಕ್ಕ ಅವಳ ಬಾಯಲ್ಲಿಯೇ ಇತ್ತು. ನಡುರಾತ್ರಿಯಲ್ಲಿ ಲಾಂದ್ರ ಹಿಡಿದ ಗಂಡಸೊಬ್ಬ ಹೊಸ್ತಿಲ ಬಳಿ ನಿಂತರೆ, ಯಾವ ಕೇರಿಯವನು ಎಂದು ಅವಳು ವಿಚಾರಿಸಿದ್ದನ್ನು ನಾನು ಕಂಡಿಲ್ಲ, "ನೀರು ಕಾಯಿಸಿದ್ದೀರಾ?" ಎಂದಷ್ಟೇ ಕೇಳುತ್ತಿದ್ದಳು. ಹಣವನ್ನು ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ, ಒಂದು ಕುಪ್ಪಸದ ಕಣ, ಸುಗ್ಗಿಯಲ್ಲಿ ಒಂದೆರಡು ಮೊರ ಕಡಲೆಕಾಯಿ, ಇಷ್ಟೇ ಅವಳ ಸಂಭಾವನೆ.

ಆ ಕೈ ಎಲ್ಲರನ್ನೂ ಉಳಿಸಿತೆಂದು ಹೇಳಿದರೆ ಅದು ಸುಳ್ಳಾದೀತು. ಅವಳ ಹಿರಿಯ ಮಗಳು, ನನ್ನ ಸೋದರತ್ತೆ, ಎರಡನೆಯ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲದೆ ಅವಳ ತೊಡೆಯ ಮೇಲೆಯೇ ತೀರಿಕೊಂಡಳಂತೆ. ನಾನಿನ್ನೂ ಹುಟ್ಟಿರದ ಕಾಲದ ಮಾತು ಅದು. ಅಜ್ಜಿ ಕೆಲಸವನ್ನು ಬಿಡಲಿಲ್ಲ. ಆದರೆ ಅಂದಿನಿಂದ, ಮಗು ಅಡ್ಡವಿದೆಯೆಂದೋ ತಾಯಿಯ ಮುಖ ಬಾತಿದೆಯೆಂದೋ ಕಂಡರೆ, ನೋವು ಬರುವ ಮುನ್ನವೇ ಗಾಡಿ ಕಟ್ಟಿಸಿ ಮಧುಗಿರಿಯ ಆಸ್ಪತ್ರೆಗೆ ತಾನೇ ಜೊತೆಯಲ್ಲಿ ಹೊರಡುತ್ತಿದ್ದಳು. "ನನ್ನ ಕೈ ಇಲ್ಲಿಗೆ ಮುಗೀತು" ಎನ್ನುತ್ತಿದ್ದಳು. ಮೂವತ್ತು ವರ್ಷಗಳಿಗೂ ಮಿಕ್ಕಿ ವಿದ್ವಾಂಸರ ನಡುವೆ ಕಳೆದವನು ನಾನು. ತಮ್ಮ ವಿದ್ಯೆಯ ಎಲ್ಲೆಯನ್ನು ಇಷ್ಟು ಸ್ಪಷ್ಟವಾಗಿ ಬಲ್ಲವರನ್ನು ಅಲ್ಲಿ ಹೆಚ್ಚಾಗಿ ಕಾಣಲಿಲ್ಲ.

ನಮ್ಮ ನೆರೆಯ ಪಾವಗಡ ತಾಲ್ಲೂಕಿನಲ್ಲಿ, ಕೃಷ್ಣಾಪುರದ ನರಸಮ್ಮನವರು ಇದೇ ವಿದ್ಯೆಯಲ್ಲಿ ಬಾಳನ್ನು ಸವೆಸಿದರು. 1920ರಲ್ಲಿ ಜನಿಸಿದ ಅವರು ಶಾಲೆಯನ್ನು ಕಂಡವರಲ್ಲ. 12ರ ವಯಸ್ಸಿನಲ್ಲಿ ಅಂಜಿನಪ್ಪನವರೊಡನೆ ಮದುವೆಯಾಯಿತು. ಹೆತ್ತ 12 ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ಹೋದರು. ವಿದ್ಯೆ ಕಲಿಸಿದ ಗುರು ಅವರ ಸ್ವಂತ ಅಜ್ಜಿ ಮರಿಗೆಮ್ಮ. 1940ರಲ್ಲಿ, 20ರ ಹರೆಯದಲ್ಲಿ, ಬಂಧುವೊಬ್ಬರ ಹೆರಿಗೆಗೆ ಕೈ ನೀಡಿದ್ದೇ ಮೊದಲು. ಊರಿಗೆ ಬಂದು ಹೋಗುತ್ತಿದ್ದ ಅಲೆಮಾರಿಗಳಿಂದ ಗಿಡಮೂಲಿಕೆಗಳ ಮದ್ದನ್ನು ಕಲಿತರು. ಸುಮಾರು 70 ವರ್ಷಗಳಲ್ಲಿ ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಹೇಳುತ್ತಾರೆ. ಲೆಕ್ಕ ಹಾಕಿದರೆ ವಾರಕ್ಕೆ ನಾಲ್ಕು. ಅದೂ ತಮ್ಮ ಬಸಿರು, ಬಾಣಂತನ, ಕೂಲಿನಾಲಿಗಳ ನಡುವೆ. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಈ ನಿರಕ್ಷರ ತಾಯಿಗೆ ಗೌರವ ಡಾಕ್ಟರೇಟನ್ನು ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ, ಅವರು ನಮ್ಮನ್ನಗಲಿದರು.

ಇಂದು ಕಾಲ ಬದಲಾಗಿದೆ. 2005ರಿಂದ ಹಳ್ಳಿಗಳಿಗೆ ಆಶಾ ಕಾರ್ಯಕರ್ತೆಯರು ಬಂದರು. 2008ರಿಂದ 108ರ ವಾಹನ ಬಂತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 100 ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲಿಯೇ ಆಗಿವೆ. ಇದು ಸಂತೋಷದ ಸಂಗತಿ. ಹಳೆಯ ಕಾಲವೇ ಲೇಸಾಗಿತ್ತೆಂದು ಹೇಳಲು ನನ್ನ ಸೋದರತ್ತೆಯ ಸಾವು ನನ್ನನ್ನು ಬಿಡದು. ಆದರೆ ಆ ಹೆಂಗಸರು ನೀರು ಕಾಯಿಸುತ್ತ ಬಾಣಂತಿಯ ಕೋಣೆಯಲ್ಲಿ ಕಟ್ಟಿದ ನಂಟು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ನಮ್ಮಜ್ಜಿ ತೊಂಬತ್ತು ದಾಟಿ ಕಣ್ಣು ಮುಚ್ಚಿದಾಗ, ಚಟ್ಟಕ್ಕೆ ಹೆಗಲು ಕೊಡಲು ಮಕ್ಕಳು ಮೊಮ್ಮಕ್ಕಳಾದ ನಮಗೇ ಸರದಿ ಸಿಗುವುದು ಕಷ್ಟವಾಯಿತು. ಎಲ್ಲ ಕೇರಿಗಳಿಂದಲೂ ಗಂಡಸರು ಬಂದಿದ್ದರು. ಒಬ್ಬ ಮುದುಕನಂತೂ ನಮ್ಮ ತಂದೆಯವರನ್ನು ಸರಿಸಿ, "ನಿನಗಿಂತ ಮೊದಲು ಅವಳ ಕೈಗೆ ಬಿದ್ದವನು ನಾನು" ಎಂದ. ತಂದೆಯವರು ಮರುಮಾತಾಡದೆ ಹೆಗಲು ತೆರವು ಮಾಡಿದರು.

ಜಾತಕಗಳನ್ನು ನೋಡಿದ್ದೀರಷ್ಟೆ. ಹುಟ್ಟಿದ ಗಳಿಗೆ, ನಕ್ಷತ್ರ, ತಂದೆಯ ಹೆಸರು, ಗೋತ್ರ ಎಲ್ಲಕ್ಕೂ ಅಲ್ಲಿ ಸ್ಥಳವಿದೆ. ಆ ಗಳಿಗೆಯನ್ನು ಒಳಗಿನಿಂದ ಕೂಗಿ ಹೇಳಿದವಳ ಹೆಸರಿಗೆ ಮಾತ್ರ ಸ್ಥಳವಿಲ್ಲ. ನರಸಮ್ಮನವರ ಹೆಸರನ್ನು ನಾಡು ಬರೆದಿಟ್ಟುಕೊಂಡಿದೆ. ಉಳಿದವರ ಹೆಸರುಗಳು ನಮ್ಮ ನಮ್ಮ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮಿಂದ ಆಗಬೇಕಾದ ಸಣ್ಣ ಕೆಲಸ. ನಮ್ಮ ಮನೆಯಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಿದ್ದೇವೆ. ಅವಳು ಹುಟ್ಟಿದ್ದು ಆಸ್ಪತ್ರೆಯಲ್ಲಿ. ಆ ರಾತ್ರಿ ಅವಳನ್ನು ಮೊದಲು ಕೈಗೆ ತೆಗೆದುಕೊಂಡ ದಾದಿಯ ಹೆಸರನ್ನೂ ಕೇಳಿ ಬರೆದುಕೊಂಡಿದ್ದೇವೆ.