ನೋಟವೂ ನಡಿಗೆಯೂ



ನೋಡುವುದೆಂದರೇನು? ಕಣ್ಣು ತೆರೆದೊಡನೆ ಲೋಕವು ಎದುರಿಗೆ ಸಿದ್ಧವಾಗಿ ನಿಂತಿರುವುದರಿಂದ ಈ ಪ್ರಶ್ನೆಯೇ ಅನಾವಶ್ಯಕವೆಂದು ತೋರಬಹುದು. ಹೊರಗಣ ವಸ್ತುವಿನ ಚಿತ್ರವು ಕಣ್ಣಿನಲ್ಲಿ ಬೀಳುವುದು. ನರಗಳು ಅದನ್ನು ಮಿದುಳಿಗೆ ಒಯ್ಯುವುವು. ಒಳಗಿರುವ ಮನಸ್ಸು, ಅರಮನೆಯಲ್ಲಿ ಕುಳಿತು ಓಲೆಗಳನ್ನು ಓದಿಸಿ ಕೇಳುವ ದೊರೆಯಂತೆ, ಅದನ್ನು ಅರಿಯುವುದು ಎಂದು ನಮ್ಮಲ್ಲಿ ಹಲವರು ನಂಬಿರುತ್ತೇವೆ. ಫ್ರಾನ್ಸಿನ ತತ್ತ್ವಜ್ಞನಾದ ಡೇಕಾರ್ಟನು 1641ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದೇಹವೊಂದು ದ್ರವ್ಯ, ಮನಸ್ಸು ಮತ್ತೊಂದು ದ್ರವ್ಯ ಎಂದು ವಿಭಾಗಿಸಿದ ಮೇಲೆ ಪಾಶ್ಚಾತ್ಯ ವಿಚಾರದಲ್ಲಿ ಈ ನಂಬಿಕೆಗೆ ಬಲ ಬಂದಿತು. ದೇಹವು ಮನಸ್ಸಿನ ವಾಹನಮಾತ್ರವೆ? ಅರಿವಿನಲ್ಲಿ ಅದಕ್ಕೂ ಪಾಲುಂಟೆ? ಇದೇ ಈ ಹೊತ್ತು ನಾವು ವಿಚಾರಮಾಡಹೊರಟಿರುವ ವಿಷಯ.

1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್, ಅಲನ್ ಹೈನ್ ಎಂಬ ಮನಶ್ಶಾಸ್ತ್ರಜ್ಞರು ಕತ್ತಲೆಯಲ್ಲಿ ಬೆಳೆಸಿದ ಬೆಕ್ಕಿನ ಮರಿಗಳನ್ನು ಕುರಿತ ಒಂದು ಪ್ರಯೋಗವನ್ನು ಪ್ರಕಟಿಸಿದರು. ಗಾಣದಂತೆ ಸುತ್ತುವ ಒಂದು ತೊಲೆಯ ಎರಡು ತುದಿಗಳಿಗೆ ಎರಡು ಮರಿಗಳನ್ನು ಸೇರಿಸಿದ್ದರು. ಒಂದು ತನ್ನ ಕಾಲಿನಿಂದಲೇ ನಡೆಯಿತು. ಇನ್ನೊಂದು ತೂಗುಬುಟ್ಟಿಯಲ್ಲಿ ಕುಳಿತು, ಮೊದಲನೆಯದು ನಡೆದಂತೆಲ್ಲ ಸಾಗಿತು. ಸುತ್ತಣ ಗೋಡೆಯ ಪಟ್ಟೆಗಳನ್ನು ಎರಡೂ ದಿನಕ್ಕೆ 3 ಗಂಟೆಗಳ ಕಾಲ ಒಂದೇ ತೆರನಾಗಿ ಕಂಡವು. ಆದರೂ ನಡೆದ ಮರಿಯು ಮುಂದೆ ಹಳ್ಳದಂಥ ಅಂಚನ್ನು ಕಂಡು ಹಿಂದೆಗೆಯಿತು. ಕುಳಿತ ಮರಿಗೆ ಅದರ ಪರಿವೆಯಿರಲಿಲ್ಲ. ಬೆಳಕಿನಲ್ಲಿ ಸ್ವೇಚ್ಛೆಯಾಗಿ ಓಡಾಡಲು ಬಿಟ್ಟ ಮೇಲೆ ಅದೂ ಕಲಿತುಕೊಂಡಿತು. ಕಣ್ಣಿನಲ್ಲಿ ಕೊರತೆಯಿರಲಿಲ್ಲ, ಕಂಡ ಚಿತ್ರದಲ್ಲಿಯೂ ಇರಲಿಲ್ಲ, ಕೊರತೆಯಿದ್ದುದು ನಡಿಗೆಯಲ್ಲಿ.

ಮನುಷ್ಯರಲ್ಲಿಯೂ ಇದಕ್ಕೆ ಸಾಕ್ಷ್ಯವುಂಟು. 1969ರಲ್ಲಿ ಪಾಲ್ ಬಾಕ್-ಇ-ರೀಟಾ ಮತ್ತು ಅವರ ಸಂಗಡಿಗರು ಕುರ್ಚಿಯ ಬೆನ್ನಿಗೆ 400 ಕಂಪಕಗಳನ್ನು ಜೋಡಿಸಿ, ಕ್ಯಾಮರಾ ಹಿಡಿದ ಚಿತ್ರವನ್ನು ಅಂಧರ ಬೆನ್ನಿನ ಚರ್ಮಕ್ಕೆ ಮುಟ್ಟಿಸಿದ ಬಗೆಯನ್ನು ವರದಿಮಾಡಿದರು. ಅಭ್ಯಾಸವಾದ ಮೇಲೆ ಅವರಿಗೆ ವಸ್ತುವು ಬೆನ್ನ ಮೇಲಲ್ಲ, ತಮ್ಮೆದುರಿಗೇ ಇರುವಂತೆ ಭಾಸವಾಯಿತು. ಆದರೆ ಇದಕ್ಕೆ ಕ್ಯಾಮರಾವನ್ನು ಅವರೇ ತಿರುಗಿಸುವುದು ಅವಶ್ಯವಾಗಿದ್ದಿತು.

ಹಾಗಾದರೆ ಲೋಕವು ನಮ್ಮ ಸೃಷ್ಟಿಯೆ? ಹಾಗಲ್ಲ. ಕುಳಿತ ಮರಿಗೆ ತೋರದಿದ್ದರೂ ಅಂಚು ಅಂಚೇ. ಆದರೆ ಇದು ಅಪಾಯ, ಇದು ದಾರಿ ಎಂಬ ಅರ್ಥವು ನಡೆಯುವ ಪ್ರಾಣಿಯೊಡನೆಯೇ ಹುಟ್ಟುವುದು. ವರೇಲ, ಥಾಮ್ಸನ್, ರಾಷ್ ಎಂಬ ಮೂವರು 1991ರ ತಮ್ಮ ಗ್ರಂಥದಲ್ಲಿ ಈ ನಡುವಣ ಮಾರ್ಗವನ್ನು ಪ್ರತಿಪಾದಿಸಿ, ಅದಕ್ಕೆ ನಮ್ಮ ನಾಗಾರ್ಜುನನ ಮಾಧ್ಯಮಿಕ ದರ್ಶನದಿಂದ ನೆರವು ಪಡೆದರು. ಅರಿಯುವವನೂ ಅರಿಯಲ್ಪಡುವ ಲೋಕವೂ ಕ್ರಿಯೆಯಲ್ಲಿಯೇ ಪರಸ್ಪರ ರೂಪುಗೊಳ್ಳುವುವೆಂಬುದು ಅವರ ಮತ.

ಈ ಮತಕ್ಕೆ ಕಠಿನವಾದ ಆಕ್ಷೇಪವೊಂದುಂಟು. ಫ್ರಾನ್ಸಿನ ಪತ್ರಿಕಾಸಂಪಾದಕ ಜಾನ್-ದೊಮಿನಿಕ್ ಬೋಬಿ ಅವರು 1995ರಲ್ಲಿ ಮಿದುಳಿನ ಆಘಾತದಿಂದ ಬಹುಮಟ್ಟಿಗೆ ಸರ್ವಾಂಗವೂ ಸ್ತಬ್ಧವಾಗಿ ಮಲಗಿದರು. ಎಡಗಣ್ಣಿನ ರೆಪ್ಪೆಯನ್ನು ಮಿಟುಕಿಸಿ, ಒಂದೊಂದೇ ಅಕ್ಷರವನ್ನು ಸೂಚಿಸಿ, 1997ರಲ್ಲಿ ಪ್ರಕಟವಾದ ಪುಸ್ತಕವೊಂದನ್ನು ಬರೆಯಿಸಿದರು. ಅಂಗಗಳು ನಿಂತರೂ ಚಿಂತನೆ ನಿಲ್ಲಲಿಲ್ಲ. ಅವರ ಮಾತೂ ನೆನಪೂ ನಾಲ್ವತ್ತಕ್ಕೂ ಹೆಚ್ಚು ವರ್ಷ ಓಡಾಡಿದ ದೇಹದಲ್ಲಿ ಬೆಳೆದವೆಂದು ಸಮಾಧಾನ ಹೇಳಬಹುದು. ಆದರೆ ಅರಿವು ಬೆಳೆಯಲು ಚಲನೆ ಬೇಕೆಂದ ಮಾತ್ರಕ್ಕೆ, ಬೆಳೆದ ಅರಿವು ಪ್ರತಿಕ್ಷಣವೂ ಚಲನೆಯನ್ನೇ ಆಶ್ರಯಿಸಿದೆಯೆಂದು ಸಿದ್ಧವಾಗದು. ಈ ಭೇದವನ್ನು ಮರೆತರೆ, ಅಲುಗಾಡಲಾರದವರನ್ನು ಅರಿವಿಲ್ಲದವರೆಂದು ಎಣಿಸುವ ಕ್ರೌರ್ಯಕ್ಕೆ ತತ್ತ್ವಶಾಸ್ತ್ರವೇ ಸಾಕ್ಷಿ ನುಡಿದಂತಾಗುವುದು.

ಆದುದರಿಂದ ನಾವು ಒಪ್ಪಬಹುದಾದುದು ಇಷ್ಟು. ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿ ಲೋಕವನ್ನು ಪಟದಲ್ಲಿ ತೋರಿಸಿದರೆ ಸಾಲದು. ಅವರ ಕೈ ಮುಟ್ಟಬೇಕು, ಕಾಲು ನಡೆಯಬೇಕು. ಆದರೆ ಅಲುಗದ ದೇಹದ ಮುಂದೆ ನಿಂತಾಗ, ಒಳಗೆ ಯಾರೂ ಇಲ್ಲವೆಂದು ತೀರ್ಮಾನಿಸುವ ಮುನ್ನ, ಒಂದು ರೆಪ್ಪೆಯ ಮಿಟುಕಿಗಾಗಿಯಾದರೂ ನಾವು ತಾಳ್ಮೆಯಿಂದ ಕಾದಿರಬೇಕು.