ಮಳೆ, ಹೊಳೆ, ಬಾಳೆ, ಗದ್ದೆ: ಕಳೆದುಹೋದ ಒಂದು ಅಕ್ಷರದ ಕಥೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಬದುಕನ್ನು ನಾಲ್ಕೇ ಮಾತುಗಳಲ್ಲಿ ಹೇಳಬೇಕಾದರೆ ಮಳೆ, ಹೊಳೆ, ಬಾಳೆ, ಗದ್ದೆ ಎನ್ನಬಹುದು. ಅಡಿಕೆ ಬಿಟ್ಟುಹೋಯಿತೆಂದು ತೋಟಿಗರು ಆಕ್ಷೇಪಿಸಬಹುದು. ಆದರೆ ಈ ನಾಲ್ಕನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಳಗನ್ನಡದಲ್ಲಿ ಈ ಶಬ್ದಗಳ ರೂಪ ಮೞೆ, ಪೊೞೆ, ಬಾೞೆ, ಗೞ್ದೆ ಎಂದಿತ್ತು. ನಾಲ್ಕರಲ್ಲೂ ಇರುವ ೞ ಎಂಬ ಅಕ್ಷರ ಇಂದು ಶಾಲೆಯ ವರ್ಣಮಾಲೆಯಲ್ಲಿ ಇಲ್ಲ. ವ್ಯಾಕರಣಕಾರರು ಅದನ್ನು 'ರಳ' ಎಂದು ಕರೆದರು.

ಹೆಸರೇ ಅದರ ಉಚ್ಚಾರವನ್ನು ಅರ್ಧ ಹೇಳುತ್ತದೆ. ಳ ಎನ್ನುವಾಗ ನಾಲಗೆಯ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗುತ್ತದೆ. ೞ ಎನ್ನುವಾಗ ನಾಲಗೆ ಹಾಗೆಯೇ ಮಡಚುತ್ತದೆ, ಆದರೆ ಅಂಗುಳಕ್ಕೆ ತಾಗುವುದಿಲ್ಲ. ನಡುವಿನ ಸಂದಿಯಲ್ಲಿ ಉಸಿರು ಹರಿದುಹೋಗುತ್ತದೆ. ಆದ್ದರಿಂದ ಕೇಳುವವರ ಕಿವಿಗೆ ಅದು ಒಮ್ಮೆ ರಕಾರದಂತೆ, ಒಮ್ಮೆ ಳಕಾರದಂತೆ ಕೇಳಿಸುತ್ತದೆ. ಸಂಸ್ಕೃತ, ಪ್ರಾಕೃತಗಳಲ್ಲಿ ಈ ಧ್ವನಿ ಇರಲಿಲ್ಲ. ಹೀಗಾಗಿ ಉತ್ತರದಿಂದ ಬಂದ ಬ್ರಾಹ್ಮಿ ಲಿಪಿಯಲ್ಲಿ ಇದಕ್ಕೊಂದು ಗುರುತೂ ಇರಲಿಲ್ಲ. ದಕ್ಷಿಣದವರು ತಮ್ಮ ನುಡಿಗಾಗಿ ತಾವೇ ಮಾಡಿಕೊಂಡ ಅಕ್ಷರಗಳಲ್ಲಿ ಇದೊಂದು.

ಕನ್ನಡದ ಮಟ್ಟಿಗೆ ಈ ಕಥೆ ಬನವಾಸಿಯ ಕದಂಬರ ಕಾಲದಿಂದಲೇ ಕಾಣಸಿಗುತ್ತದೆ. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಶಾಸನ ಆ ಅರಸರ ಕಾಲದ್ದು. ಕಾಳಗದಲ್ಲಿ ಪರಾಕ್ರಮ ತೋರಿದ ವೀರನಿಗೆ ಕೊಟ್ಟ ದತ್ತಿಯನ್ನು ಅಲ್ಲಿ 'ಬಾಳ್ಗೞ್ಚು' ಎಂದು ಕರೆದಿದೆ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ನೆತ್ತರಾದ ಕತ್ತಿಯನ್ನು ತೊಳೆದು ಮಾಡುವ ಗೌರವ ಅದು. ಒಂದೇ ಪದದಲ್ಲಿ ಳ, ೞ ಎರಡೂ ತಮ್ಮ ತಮ್ಮ ಜಾಗದಲ್ಲಿ ಇವೆ. ಅಂದಿನ ಬರಹಗಾರನಿಗೆ ಇವು ಬೇರೆಬೇರೆ ಧ್ವನಿಗಳೆಂಬುದು ಸ್ಪಷ್ಟವಾಗಿತ್ತು.

ಈ ಭೇದ ಕೇವಲ ಉಚ್ಚಾರದ ಅಲಂಕಾರವಾಗಿರಲಿಲ್ಲ. ಅರ್ಥವೇ ಅದರ ಮೇಲೆ ನಿಂತಿತ್ತು. ಬಾಳ್ ಎಂದರೆ ಕತ್ತಿಯಾದರೆ ಬಾೞ್ ಎಂದರೆ ಬದುಕು. ಆಳ್ ಎಂದರೆ ಆಳುವುದು ಅಥವಾ ಆಳುಮನುಷ್ಯ. ಆೞ್ ಎಂದರೆ ಮುಳುಗು. ನೀರಿನ 'ಆಳ' ಬಂದದ್ದು ಈ ಎರಡನೆಯದರಿಂದ. ಬಡಗಿಯ ಉಳಿ ಬೇರೆ, 'ನಿಲ್ಲು, ಶೇಷವಾಗು' ಎಂಬ ಅರ್ಥದ ಉೞಿ ಬೇರೆ. ಉಳಿಯಿಂದ ಕೊರೆದದ್ದು ಉಳಿಯಿತು ಎಂದು ಇಂದು ಹೇಳಿದರೆ ಅದು ಮಾತಿನ ಚಮತ್ಕಾರವಾಗಿ ಕೇಳಿಸುತ್ತದೆ. ಪಂಪನ ಕಾಲದವರಿಗೆ ಅವು ಎರಡು ಬೇರೆ ಶಬ್ದಗಳು.

ಬನವಾಸಿಯ ಚೆಲುವನ್ನು ಬಾಯ್ತುಂಬ ಹೊಗಳಿದ ಪಂಪ ತನ್ನ ಕಾವ್ಯಗಳನ್ನು ಬರೆದದ್ದು 941ರ ಸುಮಾರಿಗೆ. ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸನಿಯಮವಿದ್ದುದರಿಂದ ಕವಿಗಳು ೞಕಾರವನ್ನು ಜೋಪಾನವಾಗಿ ಕಾಯ್ದುಕೊಂಡರು. ಆದರೆ ಜನರ ನಾಲಗೆ ಆಗಲೇ ಬೇರೆ ದಾರಿ ಹಿಡಿದಿತ್ತು. ಹತ್ತನೆಯ, ಹನ್ನೊಂದನೆಯ ಶತಮಾನಗಳ ಶಾಸನಗಳಲ್ಲಿ ೞ ಇರಬೇಕಾದಲ್ಲಿ ಳ ಕಾಣುತ್ತದೆ. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ರಳ, ಕುಳ, ಕ್ಷಳ ಎಂದು ಮೂರು ಬಗೆ ಹೇಳುತ್ತಾನೆ. ರಳವೆಂದರೆ ೞ. ಕುಳವೆಂದರೆ ಕನ್ನಡದ್ದೇ ಆದ ಳ. ಕ್ಷಳವೆಂದರೆ ಸಂಸ್ಕೃತದ ಲಕಾರ ಕನ್ನಡಕ್ಕೆ ಬಂದು ಳ ಆದದ್ದು. ಅಷ್ಟಕ್ಕೇ ನಿಲ್ಲದೆ ಯಾವ ಯಾವ ಶಬ್ದದಲ್ಲಿ ರಳವಿದೆ ಎಂದು ಪಟ್ಟಿಯನ್ನೂ ಕೊಡುತ್ತಾನೆ. ಕಿವಿಗೆ ಗೊತ್ತಾಗುವ ಭೇದಕ್ಕೆ ಪಟ್ಟಿ ಬೇಕಾಗುವುದಿಲ್ಲ. ಪಟ್ಟಿ ಬೇಕಾಯಿತೆಂದರೆ ಆ ಧ್ವನಿ ಬಾಯಿಂದ ಜಾರಿತ್ತು ಎಂದೇ ಅರ್ಥ.

ಸ್ವಾರಸ್ಯವೆಂದರೆ, ಅಕ್ಷರ ಹೋದರೂ ಅದರ ಹೆಜ್ಜೆಗುರುತು ಹೋಗಿಲ್ಲ. 'ಕೇಳು' ಎಂಬುದರಿಂದ ಕೇಳಿದ ಆಗುತ್ತದೆ. ಹಾಗಾದರೆ 'ಏಳು' ಎಂಬುದರಿಂದ ಏಳಿದ ಎನ್ನದೆ 'ಎದ್ದ' ಎನ್ನುವುದೇಕೆ? 'ಬೀಳು' ಎಂಬುದರಿಂದ 'ಬಿದ್ದ', 'ಕೀಳು' ಎಂಬುದರಿಂದ 'ಕಿತ್ತ' ಆದದ್ದು ಹೇಗೆ? ಉತ್ತರ ೞಕಾರದಲ್ಲಿದೆ. ಎರಡು ಸ್ವರಗಳ ನಡುವೆ ಅದು ಳ ಆಯಿತು. ವ್ಯಂಜನದ ಮುಂದೆ ಮೊದಲು ರ ಆಯಿತು, ಆಮೇಲೆ ಆ ವ್ಯಂಜನದಲ್ಲೇ ಕರಗಿತು. ಎೞ್ದು, ಎರ್ದು, ಎದ್ದು. ಬಿೞ್ದು, ಬಿರ್ದು, ಬಿದ್ದು. ಕಿೞ್ತು, ಕಿರ್ತು, ಕಿತ್ತು. ಗೞ್ದೆ ಗರ್ದೆಯಾಗಿ ಗದ್ದೆಯಾದದ್ದೂ, ಕೞ್ತೆ ಕತ್ತೆಯಾದದ್ದೂ ಇದೇ ದಾರಿಯಲ್ಲಿ. ಗದ್ದೆ ಎಂದು ಮುಗಿಯುವ ಊರು ಕೇರಿಗಳ ಹೆಸರು ಈ ಮೂರು ತಾಲೂಕುಗಳಲ್ಲಿ ಹೇರಳ. ಅಂಥ ಪ್ರತಿ ಹೆಸರಿನಲ್ಲೂ ಒಂದು ೞ ಅಡಗಿ ಕುಳಿತಿದೆ.

ನೆರೆಯ ಭಾಷೆಗಳಲ್ಲಿ ಇದೇ ಧ್ವನಿ ಬೇರೆ ಬೇರೆ ಗತಿ ಕಂಡಿತು. ಕನ್ನಡದ ಕೋಳಿ ತೆಲುಗಿನಲ್ಲಿ ಕೋಡಿ, ತುಳುವಿನಲ್ಲಿ ಕೋರಿ. ತಮಿಳು, ಮಲಯಾಳಗಳಲ್ಲಿ ಮಾತ್ರ ಅದು ಕೋೞಿಯಾಗಿಯೇ ಉಳಿದಿದೆ. ಶಿರಸಿ ಕಡೆಯ ಹವ್ಯಕರು ಕಾಸರಗೋಡಿನ ನೆಂಟರ ಮನೆಗೆ ಹೋದರೆ, ಅಲ್ಲಿನ ಪೇಟೆಯಲ್ಲಿ ಮಲಯಾಳಿಗಳ ಬಾಯಲ್ಲಿ ಮೞ, ಪುೞ, ವಾೞ ಎಂಬ ಮಾತುಗಳನ್ನು ಕೇಳಬಹುದು. ಅವು ನಮ್ಮವೇ ಆದ ಮಳೆ, ಹೊಳೆ, ಬಾಳೆ.

ಇದನ್ನು ತಿಳಿಯದಿದ್ದರೆ ಇಂದಿನ ಬರವಣಿಗೆಯೂ ಎಡವುತ್ತದೆ. ಇಂಗ್ಲಿಷಿನಲ್ಲಿ ಈ ಧ್ವನಿಯನ್ನು ಜಡ್ ಮತ್ತು ಎಚ್ ಸೇರಿಸಿ ಬರೆಯುವ ರೂಢಿ ಬಂತು. ಅದನ್ನು ನೋಡಿ ಕನ್ನಡದಲ್ಲಿ 'ಆಲಪ್ಪುಝ', 'ಕೋಝಿಕ್ಕೋಡ್' ಎಂದು ಬರೆಯುವವರಿದ್ದಾರೆ. ಝಕಾರಕ್ಕೂ ಈ ಧ್ವನಿಗೂ ಏನೇನೂ ಸಂಬಂಧವಿಲ್ಲ. ಸಾವಿರ ವರ್ಷದಿಂದ ಕನ್ನಡ ನಾಲಗೆ ೞವನ್ನು ಳ ಮಾಡಿಕೊಂಡು ಬಂದಿದೆ. ತಮಿೞನ್ನು ನಾವು ತಮಿಳು ಎನ್ನುತ್ತೇವೆಯೇ ಹೊರತು ತಮಿಝು ಎನ್ನುವುದಿಲ್ಲ. ಆ ಲೆಕ್ಕದಲ್ಲಿ ಆಲಪ್ಪುಳ, ಕೋಳಿಕ್ಕೋಡ್ ಎಂಬುದೇ ಸಹಜ.

ಎಡವಿದವರು ಕನ್ನಡಿಗರು ಮಾತ್ರವಲ್ಲ. ಕಂಪ್ಯೂಟರಿನಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ೞಕಾರಕ್ಕೆ ಸ್ಥಾನವೇನೋ ಸಿಕ್ಕಿತು, ಆದರೆ ತಪ್ಪಾಗಿ 'ಫ' ಎಂಬ ಹೆಸರಿನಲ್ಲಿ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹಾಗಾಗಿ ತಪ್ಪು ಹೆಸರು ಹಾಗೆಯೇ ಇದೆ. ಸರಿಯಾದ ಹೆಸರನ್ನು ಪರ್ಯಾಯವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ.

ಮತ್ತೆ ೞ ಬಳಸೋಣವೇ ಎಂದು ಕೇಳಿದರೆ, ಆಡುವ ಮಾತಿನಲ್ಲಿ ಇಲ್ಲದ ಧ್ವನಿಯನ್ನು ಮಕ್ಕಳ ಮೇಲೆ ಹೇರಬೇಕಾಗಿಲ್ಲ. ಆದರೆ ಹಳಗನ್ನಡ ಕಾವ್ಯವನ್ನು ಅಚ್ಚು ಹಾಕುವಾಗ ೞ ಇದ್ದಲ್ಲಿ ಳ ಹಾಕಿದರೆ ಪ್ರಾಸದ ಕಟ್ಟು ಕಾಣದಾಗುತ್ತದೆ, ಬಾಳಿಗೂ ಬಾೞಿಗೂ ಇರುವ ಅಂತರ ಅಳಿಸಿಹೋಗುತ್ತದೆ. ಶಾಸನ ಓದುವವರಿಗಂತೂ ಈ ಅಕ್ಷರ ಕಾಲವನ್ನು ಅಂದಾಜು ಮಾಡುವ ಸುಳಿವುಗಳಲ್ಲಿ ಒಂದು. ಊರ ದೇವಸ್ಥಾನದ ಅಂಗಳದಲ್ಲೋ ಗದ್ದೆಯ ಬದುವಿನಲ್ಲೋ ನಿಂತ ಹಳೆಯ ಕಲ್ಲಿನಲ್ಲಿ ಅಪರಿಚಿತ ಅಕ್ಷರವೊಂದು ಕಂಡರೆ ಅದನ್ನು ಕೆತ್ತಿದವನ ತಪ್ಪೆಂದು ತಳ್ಳಿಬಿಡಬಾರದು. ಅವನು ತನ್ನ ಮಳೆಯನ್ನು ತಾನು ಆಡುತ್ತಿದ್ದ ಹಾಗೆಯೇ ಬರೆದಿರಬಹುದು.