ಕೈರೋದವನು ಕಂಡ ಪ್ಯಾರಿಸ್



ಪಾಶ್ಚಾತ್ಯ ಹಾಗೂ ಮುಸ್ಲಿಮ್ ಸಮಾಜಗಳ ಸಾಂಸ್ಕೃತಿಕ ಭಿನ್ನತೆಯ ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದವನಾದರೂ ನನ್ನ ಆಯುಷ್ಯ ಸವೆದದ್ದು ಕೇಂದ್ರ ಸರ್ಕಾರದ ಲೆಕ್ಕಪತ್ರಗಳ ನಡುವೆ. 1993ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಹಂಟಿಂಗ್ಟನ್ ‘ನಾಗರಿಕತೆಗಳ ಸಂಘರ್ಷ’ದ ಪ್ರಬಂಧವನ್ನು ಬರೆದಂದಿನಿಂದ ಈ ಎರಡು ಸಮಾಜಗಳನ್ನು ಎದುರುಬದುರು ನಿಂತ ಸೇನೆಗಳಂತೆ ವರ್ಣಿಸುವುದು ವಾಡಿಕೆಯಾಗಿದೆ. ಅಷ್ಟು ದೊಡ್ಡ ರಣರಂಗವನ್ನು ತೋರಿಸಲು ನಾನು ಅಶಕ್ತ. ಒಬ್ಬ ಮನುಷ್ಯನನ್ನು ಮಾತ್ರ ತಮಗೆ ಪರಿಚಯಿಸುತ್ತೇನೆ.

ಆತನ ಹೆಸರು ರಿಫಾ ಅಲ್ ತಹ್ತಾವಿ. 1801ರಲ್ಲಿ ಈಜಿಪ್ಟಿನ ತಹ್ತಾ ಎಂಬ ಊರಿನಲ್ಲಿ ಜನಿಸಿ, ಕೈರೋದ ಅಲ್ ಅಜ್‌ಹರ್‌ನಲ್ಲಿ ಓದಿದ ಮೌಲ್ವಿ. ಈಜಿಪ್ಟಿನ ಅಧಿಪತಿ ಮುಹಮ್ಮದ್ ಅಲಿ 1826ರಲ್ಲಿ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪ್ಯಾರಿಸ್ಸಿಗೆ ಕಳುಹಿಸಿದಾಗ, ಅವರಿಗೆ ನಮಾಜು ಮಾಡಿಸಲು ಇಮಾಮನಾಗಿ ಹೋದವನು ತಾನೇ ಫ್ರೆಂಚ್ ಕಲಿತು, ವಾಲ್ತೇರ್, ರೂಸೋ, ಮಾಂಟೆಸ್ಕ್ಯೂ ಓದಿ, ಐದು ವರ್ಷಗಳ ನಂತರ ಹಿಂದಿರುಗಿದ. 1834ರಲ್ಲಿ ಅವನ ಪ್ಯಾರಿಸ್ ಗ್ರಂಥ ಅಚ್ಚಾಯಿತು.

ಮಾರ್ಸೇಲ್ಸ್‌ನ ಕಾಫಿ ಅಂಗಡಿಯೊಂದರಲ್ಲಿ ಜನಜಂಗುಳಿಯನ್ನು ಕಂಡು ಅವನು ಅದು ಬೀದಿಯೆಂದೇ ಭಾವಿಸಿದ. ತಮ್ಮವರ ಮುಖಗಳೇ ಹಲವಾಗಿ ಕಂಡಾಗ ಗೊತ್ತಾಯಿತು, ಸುತ್ತಲೂ ಇದ್ದವು ಕನ್ನಡಿಗಳು! ಕುರ್ಚಿಯ ಮೇಲೆ ಕುಳಿತು ಒಬ್ಬೊಬ್ಬರೂ ಬೇರೆ ತಟ್ಟೆಯಲ್ಲಿ ಉಣ್ಣುವುದು ಅವನಿಗೆ ಸೋಜಿಗವೆನಿಸಿತು. ಮುಸುಕಿಲ್ಲದ ಸ್ತ್ರೀಯರನ್ನು ಕಂಡು ಬೆರಗಾದರೂ, ಶೀಲವು ಮುಸುಕನ್ನು ಅವಲಂಬಿಸಿಲ್ಲ, ಬೆಳೆಸಿದ ರೀತಿಯನ್ನು ಅವಲಂಬಿಸಿದೆ ಎಂದು ಬರೆದ. ಫ್ರೆಂಚರ 1814ರ ಸಂವಿಧಾನ ಸನದನ್ನು ಅರಬ್ಬಿಗೆ ತಂದು, ಇದರ ಬಹುಭಾಗ ನಮ್ಮ ಧರ್ಮಗ್ರಂಥದಲ್ಲಿಲ್ಲ, ಆದರೂ ನ್ಯಾಯದ ಬಳಿಗೆ ಇವರ ಬುದ್ಧಿ ಹೇಗೆ ತಲುಪಿತೆಂದು ನೋಡಿರಿ ಎಂಬರ್ಥದ ಟಿಪ್ಪಣಿ ಸೇರಿಸಿದ. ಅವರು ಸ್ವಾತಂತ್ರ್ಯವೆಂದು ಕರೆಯುವುದನ್ನೇ ನಾವು ನ್ಯಾಯ, ಸಮದೃಷ್ಟಿ ಎನ್ನುತ್ತೇವೆ ಎಂಬುದು ಅವನ ಮತ. ಹಾಗೆಂದು ಎಲ್ಲಕ್ಕೂ ತಲೆದೂಗಿದವನಲ್ಲ. ಒಳಿತು ಕೆಡುಕುಗಳನ್ನು ಬುದ್ಧಿಯೊಂದೇ ನಿರ್ಣಯಿಸಬಲ್ಲದೆಂಬ ಫ್ರೆಂಚರ ನಂಬಿಕೆಯನ್ನು ಅವನು ಕಡೆಯವರೆಗೂ ಒಪ್ಪಲಿಲ್ಲ.

ಹಸ್ತಪ್ರತಿಯನ್ನು ಓದಿದ ಫ್ರೆಂಚ್ ವಿದ್ವಾಂಸ ಸಿಲ್ವೆಸ್ತ್ರ್ ದ ಸಾಸಿ ಮೆಚ್ಚುತ್ತಲೇ ಒಂದು ಆಕ್ಷೇಪ ಎತ್ತಿದ: ಪ್ಯಾರಿಸ್ಸಿನಂಥ ಮಹಾನಗರದವರಿಗೆ ಸಲ್ಲುವ ಮಾತನ್ನು ಈತ ಎಲ್ಲ ಫ್ರೆಂಚರಿಗೂ ಅನ್ವಯಿಸಿದ್ದಾನೆ. ದೆಹಲಿಗೆ ಬಂದ ಹೊಸತರಲ್ಲಿ ‘ಮದ್ರಾಸಿ’ ಎನ್ನಿಸಿಕೊಂಡ ನಮಗೆ ಈ ಆಕ್ಷೇಪ ಬೇಗ ಅರ್ಥವಾಗುತ್ತದೆ. ಆದರೆ ನಾನೂ ಅದೇ ತಪ್ಪನ್ನು ಮಾಡಿದ್ದೇನೆ. 2003ರಲ್ಲಿ ಇರಾಕ್ ಯುದ್ಧ ನಡೆದಾಗ ನಮ್ಮ ಕಚೇರಿಯ ಮುಸ್ಲಿಮ್ ಸಹೋದ್ಯೋಗಿಯೊಬ್ಬರನ್ನು, ಕನ್ನಡಿಗರನ್ನು, ಚಹಾದ ವೇಳೆ ಕೇಳಿದೆ: “ನಿಮ್ಮವರೇಕೆ ಹೀಗೆ?” ಅವರು ಲೋಟ ಕೆಳಗಿಟ್ಟು, “ನಾ ವಿಜಾಪುರದಾಂವ್ರೀ ಸಾಹೇಬ್ರ, ಬಗ್ದಾದ್ ನಾನೂ ಪೇಪರ್‌ನ್ಯಾಗ ಓದೀನಿ” ಎಂದರು. ಅನಂತರ ಬಹಳ ದಿನ ಅವರು ನನ್ನ ಮೇಜಿನ ಬಳಿ ಚಹಾಕ್ಕೆ ಬರಲಿಲ್ಲ.

ತಹ್ತಾವಿಯ ಗ್ರಂಥದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಲ್ಜಿಯರ್ಸ್‌ನ ಪ್ರಸಂಗ. 1830ರ ಜುಲೈ 5ರಂದು ಆ ನಗರ ಫ್ರೆಂಚ್ ಸೇನೆಗೆ ಶರಣಾದಾಗ ಅವನು ಪ್ಯಾರಿಸ್ಸಿನಲ್ಲೇ ಇದ್ದ. ಅಲ್ಲಿಯ ಆರ್ಚ್‌ಬಿಷಪ್ ಇದನ್ನು ಮುಸ್ಲಿಮರ ಮೇಲೆ ಕ್ರೈಸ್ತರ ಜಯವೆಂದು ಸಾರಿ ದೊರೆ ಹತ್ತನೆಯ ಚಾರ್ಲ್ಸ್‌ನನ್ನು ಅಭಿನಂದಿಸಿದ. ತಹ್ತಾವಿ ಇದನ್ನು ಒಪ್ಪಲಿಲ್ಲ; ಜಗಳ ರಾಜಕೀಯದ್ದು, ವ್ಯಾಪಾರ ವ್ಯವಹಾರದ್ದು ಎಂದ. ಸೋತವರು ಸ್ವಧರ್ಮೀಯರು ಎಂಬುದನ್ನು ನೆನೆದರೆ ಈ ಸಮಚಿತ್ತದ ಬೆಲೆ ತಿಳಿಯುತ್ತದೆ. ಕಡತವೂ ಅವನ ಪರವಾಗಿದೆ. 1790ರ ದಶಕದಲ್ಲಿ ಫ್ರಾನ್ಸ್ ಆಲ್ಜಿಯರ್ಸ್‌ನಿಂದ ಕಡ ತಂದ ಧಾನ್ಯದ ಹಣ ತೀರಿರಲಿಲ್ಲ. ಬಾಕಿಯ ಮಾತು ಬೆಳೆದು 1827ರಲ್ಲಿ ಅಲ್ಲಿನ ಅಧಿಪತಿ ಹುಸೇನ್ ದೇ ಫ್ರೆಂಚ್ ಕಾನ್ಸಲನನ್ನು ಬೀಸಣಿಗೆಯಿಂದ ಹೊಡೆದ, ಅದೇ ನೆಪವಾಯಿತು. ಸಾಲಗಾರನೇ ಸಾಲ ಕೊಟ್ಟವನ ಮನೆಯನ್ನು ಜಪ್ತಿ ಮಾಡಿದ್ದನ್ನು ಲೆಕ್ಕಪತ್ರದವನಾದ ನಾನು ಬೇರೆಲ್ಲೂ ಕಂಡಿಲ್ಲ! ಕೆಲವೇ ವಾರಗಳಲ್ಲಿ ಪ್ಯಾರಿಸ್ಸಿನ ಜನ ದಂಗೆಯೆದ್ದು ಚಾರ್ಲ್ಸ್‌ನನ್ನು ಇಳಿಸಿದರು. ಆಲ್ಜೀರಿಯ ಬಿಡುಗಡೆ ಕಂಡದ್ದು ಮಾತ್ರ 1962ರಲ್ಲಿ.

ಇನ್ನೊಬ್ಬನನ್ನೂ ಹೇಳಬೇಕು. ಅದೇ 1801ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಎಡ್ವರ್ಡ್ ಲೇನ್ ಕೈರೋದಲ್ಲಿ ಅಲ್ಲಿಯವರ ಉಡುಪು ತೊಟ್ಟು, ಮನ್ಸೂರ್ ಎಂಬ ಹೆಸರಿನಲ್ಲಿ ಬಾಳಿ, ಈಜಿಪ್ಟಿನವರ ನಡೆನುಡಿಗಳ ಗ್ರಂಥವನ್ನು 1836ರಲ್ಲಿ ಪ್ರಕಟಿಸಿದ. ಪರಿಶ್ರಮದ ಕೃತಿ, ಎಡ್ವರ್ಡ್ ಸೈದ್ 1978ರಲ್ಲಿ ಅದನ್ನು ಕಟುವಾಗಿ ವಿಮರ್ಶಿಸಿದರೂ ನಾನದನ್ನು ಗೌರವದಿಂದಲೇ ಓದಿದೆ. ಲೇನನ ಗ್ರಂಥ ಮತ್ತೆ ಮತ್ತೆ ಅಚ್ಚಾಗಿ, ಕೈರೋ ಎಂದರೇನೆಂದು ಇಂಗ್ಲಿಷ್ ಓದುಗರಿಗೆ ತಲೆಮಾರುಗಳ ಕಾಲ ಕಲಿಸಿತು. ತಹ್ತಾವಿಯ ಪ್ಯಾರಿಸ್ ಇಡಿಯಾಗಿ ಇಂಗ್ಲಿಷಿಗೆ ಬಂದದ್ದು 2004ರಲ್ಲಿ, ಅಂದರೆ ನೂರ ಎಪ್ಪತ್ತು ವರ್ಷಗಳ ಮೇಲೆ. ಒಬ್ಬರು ಇನ್ನೊಬ್ಬರನ್ನು ನೋಡಿದ್ದು ಮಾತ್ರ ಲೋಕಕ್ಕೆ ತಿಳಿದಿತ್ತು.

ಊರಿಗೆ ಮರಳಿದ ತಹ್ತಾವಿ 1835ರಲ್ಲಿ ಕೈರೋದಲ್ಲಿ ಭಾಷಾ ಶಾಲೆಯನ್ನು ಆರಂಭಿಸಿದ. ಅಲ್ಲಿ ಕಲಿತವರು ಐರೋಪ್ಯ ಗ್ರಂಥಗಳನ್ನು ಅರಬ್ಬಿಗೆ ತಂದರು. ಆಳುವವರು ಬದಲಾದಾಗ ಶಾಲೆ ಮುಚ್ಚಿತು, ಅವನನ್ನು ಸುಡಾನಿನ ಖಾರ್ತೂಮಿಗೆ ಅಟ್ಟಲಾಯಿತು. ಅಲ್ಲಿಯೂ ಕೈ ಕಟ್ಟಿ ಕೂರದೆ ಫ್ರೆಂಚ್ ಕಾದಂಬರಿಯೊಂದನ್ನು ಅನುವಾದಿಸಿದ. 1873ರಲ್ಲಿ ತೀರಿಕೊಂಡ. ಎರಡು ವರ್ಷಗಳ ನಂತರ ಈಜಿಪ್ಟ್ ಸಾಲದ ಹೊರೆಯಲ್ಲಿ ಸೂಯೆಜ್ ಕಾಲುವೆಯ ತನ್ನ ಷೇರುಗಳನ್ನು ಬ್ರಿಟನ್ನಿಗೆ ಮಾರಿತು. 1882ರಲ್ಲಿ ಬ್ರಿಟಿಷ್ ಸೇನೆ ಕೈರೋವನ್ನು ಪ್ರವೇಶಿಸಿತು. ಆಗಲೂ ನಾಗರಿಕತೆಯ ಹೆಸರಿನಲ್ಲಿ ಭಾಷಣಗಳಾದವು. ಬಾಕಿಯ ಕಡತವನ್ನು ಕೇಳಬಲ್ಲ ಮೌಲ್ವಿ ಆಗ ಬದುಕಿರಲಿಲ್ಲ.